ಶಾಸಕರೇ, ನೀವು ಬಿಡುಗಡೆ ಮಾಡಿದ ಪುಸ್ತಕದ ಹೆಸರು ನೆನಪಿದೆಯಾ?

ಮಾನ್ಯ ಶಾಸಕರಿಗೆ,

ನಮಸ್ಕಾರ. ನಾನು ಹಾಸನ ಜಿಲ್ಲೆಯವಳು, ನಿಮ್ಮದೇ ಕ್ಷೇತ್ರದ ಮತದಾರಳು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ನಮ್ಮ ಸುತ್ತಮುತ್ತಲ ಊರುಗಳ ಅಜ್ಜಿಯರ ಹತ್ತಿರ ಕೂತು, ಅವರು ಹಾಡಿದ ಸೋಬಾನೆ ಪದಗಳನ್ನು ಬರೆದುಕೊಂಡು ಒಂದು ಪುಸ್ತಕ ಮಾಡಿದ್ದೇನೆ. ಅದನ್ನು ಬಿಡುಗಡೆ ಮಾಡಿದವರು ನೀವೇ. ಹೆಸರು ನೆನಪಿಲ್ಲ ಅಲ್ವಾ? ಇರಲಿ ಬಿಡಿ, ಅವತ್ತು ವೇದಿಕೆಯ ಮೇಲೂ ನೀವು ಅದನ್ನು ಹೇಳಲಿಲ್ಲ.

ಇಷ್ಟು ದಿನ ಸುಮ್ಮನಿದ್ದೆ. ಮೊನ್ನೆ ಬಸ್ ಸ್ಟ್ಯಾಂಡ್ ಎದುರಿನ ಫ್ಲೆಕ್ಸ್‌ನಲ್ಲಿ ನಿಮ್ಮ ಫೋಟೋ ನೋಡಿದೆ. ಕೆಳಗೆ 'ಸಾಹಿತ್ಯ ಪೋಷಕರು' ಅಂತ ಇತ್ತು. ಆಮೇಲೆ ಸುಮ್ಮನಿರೋಕೆ ಆಗಲಿಲ್ಲ.

ನಾನು ಕೇಳುವುದು ಒಂದೇ. ಈ ವರ್ಷ ಬಂದ ಕನ್ನಡ ಪುಸ್ತಕ ಈ ವರ್ಷವೇ ನಮ್ಮ ತಾಲ್ಲೂಕಿನ ಗ್ರಂಥಾಲಯಕ್ಕೆ ಬರಬೇಕು. ಬಂದಿದೆ ಅಂತ ಜನಕ್ಕೆ ಗೊತ್ತಾಗಬೇಕು. ಅಷ್ಟೇ.

ಇಂಥ ಸಣ್ಣ ವಿಷಯಕ್ಕೆ ಇಷ್ಟು ಕೋಪವೇ ಅಂತ ನಿಮ್ಮ ಪಿ.ಎ. ಕೇಳಬಹುದು. ಅವತ್ತು ಏನಾಯಿತು ಅಂತ ಹೇಳುತ್ತೇನೆ, ಅವರೂ ಓದಲಿ. ಆಹ್ವಾನ ಪತ್ರಿಕೆಯಲ್ಲಿ ಬೆಳಿಗ್ಗೆ ಹನ್ನೊಂದು ಅಂತ ಇತ್ತು. ಅಜ್ಜಿಯರು ಹತ್ತಕ್ಕೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಪುಸ್ತಕದಲ್ಲಿರುವ ಪದಗಳೆಲ್ಲ ಅವರವು. ಎರಡು ಪದ ಹಾಡಬೇಕು ಅಂತ ಮೊದಲೇ ಮಾತಾಗಿತ್ತು. ನೀವು ಬಂದಾಗ ಊಟದ ಹೊತ್ತು ಮೀರಿತ್ತು. ನಿಮ್ಮ ಜೊತೆ ಬಂದವರಿಗೆ ಜಾಗ ಬೇಕಲ್ಲ, ಅಜ್ಜಿಯರನ್ನು ಎಬ್ಬಿಸಿ ಹಿಂದೆ ಕಳಿಸಿದರು. ಆಮೇಲೆ ಪೇಟ, ಶಾಲು, ಹಣ್ಣಿನ ಬುಟ್ಟಿ. ಇದು ನಿಮಗೆ ಮುಗಿಯುವ ಹೊತ್ತಿಗೆ ನಿಮ್ಮ ಹಿಂದೆ ನಿಂತವರಿಗೂ ಶುರುವಾಯಿತು. ಬಣ್ಣದ ಕಾಗದ ಹರಿದು ಪುಸ್ತಕ ಎತ್ತಿ ಹಿಡಿದಿರಿ, ಬೆನ್ನುಪುಟ ಕ್ಯಾಮೆರಾ ಕಡೆಗೆ. ತಿರುಗಿಸಿ ಸರ್ ಅಂತ ನಾನು ಮೆಲ್ಲಗೆ ಅಂದೆ. ನಿಮಗೆ ಕೇಳಿಸಲಿಲ್ಲ.

ನಂತರ ಮುಕ್ಕಾಲು ಗಂಟೆ ಭಾಷಣ. ರಸ್ತೆ ಅಗಲೀಕರಣ, ಕುಡಿಯುವ ನೀರು, ವಿರೋಧ ಪಕ್ಷದವರ ಸುಳ್ಳು. 'ಈ ಸಹೋದರಿ ಒಳ್ಳೆ ಕೆಲಸ ಮಾಡಿದ್ದಾರೆ' ಅಂದಿರಿ. ಈ ಸಹೋದರಿಗೂ ಒಂದು ಹೆಸರಿದೆ ಸರ್, ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ನಿಮ್ಮ ಹೆಸರಿಗಿಂತ ಸಣ್ಣ ಅಕ್ಷರದಲ್ಲಿ. ನೀವು ಇಳಿದು ಹೋದ ಕೂಡಲೇ ಅರ್ಧ ಸಭೆ ಖಾಲಿ. ಅಜ್ಜಿಯರಿಗೆ ಬಸ್ಸಿನ ಹೊತ್ತಾಗಿತ್ತು. ಹಾಡದೇ ಹೋದರು.

ಮಾರನೇ ದಿನದ ಪೇಪರ್ ನೋಡಿದೆ. ಎರಡು ಕಾಲಂ ಸುದ್ದಿ, 'ರಸ್ತೆ ಅಗಲೀಕರಣಕ್ಕೆ ಶೀಘ್ರ ಚಾಲನೆ' ಅನ್ನುವ ತಲೆಬರಹ. ಒಳಗೆ 'ಪುಸ್ತಕವೊಂದನ್ನು ಬಿಡುಗಡೆ ಮಾಡಿ ಅವರು ಮಾತನಾಡಿದರು' ಅಂತ ಇತ್ತು. ಉಪಸ್ಥಿತರಿದ್ದವರ ಪಟ್ಟಿಯಲ್ಲಿ ಹದಿನಾಲ್ಕು ಜನ. ಬರೆದವಳು ಇಲ್ಲ, ಪುಸ್ತಕದ ಹೆಸರಿಲ್ಲ. ಫೋಟೋದಲ್ಲಿ ಯಾರದೋ ಭುಜದ ಹಿಂದೆ ನನ್ನ ಅರ್ಧ ಕನ್ನಡಕ ಮಾತ್ರ ಕಾಣುತ್ತಿತ್ತು. ವರದಿಗಾರ ನನ್ನ ಹಳೇ ವಿದ್ಯಾರ್ಥಿಯೇ. ಫೋನ್ ಮಾಡಿದೆ. 'ಮೇಡಂ, ಎಂಎಲ್‌ಎ ಹೇಳಿದ್ದೇ ಲೀಡ್. ಪುಸ್ತಕ ಅಂತ ಕಳಿಸಿದ್ರೆ ಡೆಸ್ಕಲ್ಲಿ ತೆಗೆದುಬಿಡ್ತಾರೆ' ಅಂದ. ಅವನನ್ನು ಬೈದು ಏನು ಪ್ರಯೋಜನ?

ಇದು ನನ್ನೊಬ್ಬಳ ಕಥೆ ಅಲ್ಲ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆಯಿತು. ಟಿವಿಯಲ್ಲಿ ನೀವು ಏನು ನೋಡಿದಿರಿ? ಬಾಡೂಟ ಕೊಡಬೇಕೋ ಬೇಡವೋ ಅನ್ನುವ ಜಗಳ ತಾನೇ? ಬಾಡೂಟದ ಬಗ್ಗೆ ನನಗೇನೂ ತಕರಾರಿಲ್ಲ, ಬಡಿಸಲಿ. ಆದರೆ ಅಷ್ಟು ಮಳಿಗೆಗಳಲ್ಲಿ ಹೊಸ ಪುಸ್ತಕ ಯಾವುದು ಬಂತು ಅಂತ ಒಬ್ಬ ಆ್ಯಂಕರ್ ಕೇಳಿದ್ದು ನಾನಂತೂ ನೋಡಲಿಲ್ಲ. ಪೇಪರಿನ ಭಾನುವಾರದ ಪುರವಣಿಯಲ್ಲಿ 'ಸ್ವೀಕಾರ' ಅಂತ ನಾಲ್ಕು ಸಾಲು ಬಂದರೆ ಅದೇ ಹಬ್ಬ. ಪುಟ ಇಷ್ಟು, ಬೆಲೆ ಇಷ್ಟು, ಪ್ರಕಾಶಕರ ಫೋನ್ ನಂಬರು. ಮುಂದಿನ ಭಾನುವಾರ ಅದೂ ಇಲ್ಲ.

ನಮ್ಮ ಜಿಲ್ಲೆಯವರೇ ಆದ ಬಾನು ಮುಷ್ತಾಕ್ ಅವರನ್ನು ತೆಗೆದುಕೊಳ್ಳಿ. ದಶಕಗಳಿಂದ ಕಥೆ ಬರೆದವರು. ವಕೀಲರು, ಪತ್ರಕರ್ತೆಯಾಗಿದ್ದವರು. ಅವರ ಕಥೆ ಆಧರಿಸಿದ ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿ ಬಂದು ಇಪ್ಪತ್ತು ವರ್ಷವಾಯಿತು. 2025ರ ಮೇ 20ರಂದು ಲಂಡನ್ನಿನಲ್ಲಿ ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಅಂತರರಾಷ್ಟ್ರೀಯ ಬೂಕರ್ ಬಂತು. ಕನ್ನಡಕ್ಕೆ ಮೊದಲನೆಯದು. ಬೆಳಗಾಗುವುದರೊಳಗೆ ಎಲ್ಲರ ಸ್ಟೇಟಸ್ಸಿನಲ್ಲೂ ಅವರೇ. ನಮ್ಮ ಪಟ್ಟಣದಲ್ಲಿ ನಿಮ್ಮ ಫ್ಲೆಕ್ಸ್ ಎದ್ದಿತು, ಅವರ ಫೋಟೋಗಿಂತ ನಿಮ್ಮದೇ ದೊಡ್ಡದು. ನಾನು ಸಂತೋಷದಿಂದ ನಮ್ಮ ಗ್ರಂಥಾಲಯಕ್ಕೆ ಹೋಗಿ ಅವರ ಪುಸ್ತಕ ಕೇಳಿದೆ. ಒಂದೂ ಇರಲಿಲ್ಲ! ಇನ್ನು ಲಂಡನ್ನಿನವರು ಕಣ್ಣು ಹಾಯಿಸದ ನಮ್ಮಂಥವರ ಗತಿ ಏನು ಹೇಳಿ.

ಕಾನೂನು ನಿಮಗೆ ಗೊತ್ತೇ ಇರುತ್ತದೆ, ನಾನು ಬಿಡಿಸಿ ಹೇಳಬೇಕಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇದೆ. ನಮ್ಮ ಮನೆ ಕಂದಾಯದ ಮೇಲೆ ಶೇ 6 ಗ್ರಂಥಾಲಯ ಕರ ಇದೆ. ನಾನು ತಪ್ಪದೆ ಕಟ್ಟುತ್ತೇನೆ, ರಸೀದಿ ಇದೆ. ಸ್ಥಳೀಯ ಸಂಸ್ಥೆಗಳು ವಸೂಲಿ ಮಾಡಿದ ಈ ಕರವನ್ನು ಗ್ರಂಥಾಲಯ ಇಲಾಖೆಗೆ ಕೊಡದೆ ಬಾಕಿ ಇಟ್ಟುಕೊಳ್ಳುವ ಸುದ್ದಿ ಬೆಂಗಳೂರಿನಿಂದ ಎಷ್ಟು ಸಲ ಬಂದಿದೆ! ನಮ್ಮ ಪಟ್ಟಣದ ಲೆಕ್ಕ ಏನು ಅಂತ ನೀವು ಯಾವತ್ತಾದರೂ ಕೇಳಿದ್ದೀರಾ? ಇಲಾಖೆ ಗ್ರಂಥಾಲಯಗಳಿಗಾಗಿ ಒಟ್ಟಿಗೆ ಪುಸ್ತಕ ಕೊಳ್ಳುವ ಸಗಟು ಖರೀದಿಗೆ ಪ್ರಕಾಶಕರು ಅರ್ಜಿ ಹಾಕುತ್ತಾರೆ, ಸಮಿತಿ ಕೂತು ಆರಿಸುತ್ತದೆ, ಪುಟಕ್ಕೆ ಇಷ್ಟು ಅಂತ ದರ ಕಟ್ಟುತ್ತದೆ. ಈ ಸಮಿತಿ ಕೂರುವುದೇ ವರ್ಷಗಟ್ಟಲೆ ತಡ. ಪುಸ್ತಕ ನಮ್ಮೂರಿನ ಕಪಾಟು ಸೇರುವಾಗ ಅದು ಹೊಸದಾಗಿ ಉಳಿದಿರುವುದಿಲ್ಲ. ಆ ಕಪಾಟಿನ ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದು ಬೇರೆ ಪುರಾಣ.

ನನಗೆ ಸನ್ಮಾನ ಬೇಡ. ಶಾಲು ಈಗಾಗಲೇ ಜಾಸ್ತಿ ಇವೆ. ಪೇಪರಿನವರಿಗೆ ಫೋನ್ ಮಾಡಿ ನನ್ನ ಸುದ್ದಿ ಹಾಕಿಸಿ ಅಂತಲೂ ಕೇಳುತ್ತಿಲ್ಲ. ನನ್ನ ಪುಸ್ತಕದ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ, ಪ್ರಚಾರಕ್ಕೆ ಬರೆದಳು ಅಂತ ನಿಮ್ಮವರು ಅಂದುಬಿಡುತ್ತಾರೆ. ಈ ವರ್ಷದ ಪುಸ್ತಕ ಈ ವರ್ಷವೇ ಬರಲಿ. ಗ್ರಂಥಾಲಯದ ಬಾಗಿಲಲ್ಲೇ ಹೊಸ ಪುಸ್ತಕಗಳಿಗೆ ಒಂದು ಮರದ ಸ್ಟ್ಯಾಂಡ್ ಇಡಿಸಿ. ಈ ತಿಂಗಳು ಏನು ಬಂತು, ಬರೆದವರು ಯಾರು ಅಂತ ಬೋರ್ಡಿನಲ್ಲಿ ಬರೆಸಿ. ನಮ್ಮ ತಾಲ್ಲೂಕಿನವರು ಬರೆದಿದ್ದರೆ ಅವರನ್ನು ಕರೆದು ಒಂದು ಸಂಜೆ ಮಾತಾಡಿಸಿ. ಆ ಸಂಜೆ ನೀವು ಬರದಿದ್ದರೂ ನಡೆಯುತ್ತದೆ, ನಿಜ ಹೇಳಬೇಕೆಂದರೆ ಬರದಿದ್ದರೇ ಸಮಯಕ್ಕೆ ಶುರುವಾಗುತ್ತದೆ.

ಮುಂದಿನ ಅಧಿವೇಶನದಲ್ಲಿ ಸಗಟು ಖರೀದಿ ಯಾಕೆ ತಡ ಅಂತ, ಮಂತ್ರಿಗಳು ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕಾದ ಒಂದು ಚುಕ್ಕೆ ಗುರುತಿನ ಪ್ರಶ್ನೆ ಹಾಕಿ. ನಮ್ಮ ಪಟ್ಟಣದ ಗ್ರಂಥಾಲಯ ಕರ ಎಷ್ಟು ವಸೂಲಾಯಿತು, ಎಷ್ಟು ಇಲಾಖೆಗೆ ಹೋಯಿತು ಅಂತ ಇನ್ನೊಂದು ಹಾಕಿ. ಪ್ರಶ್ನೆಗಳನ್ನು ಬರೆಯಲು ಪುರುಸೊತ್ತಿಲ್ಲದಿದ್ದರೆ ಹೇಳಿ ಕಳಿಸಿ, ನಾನೇ ಬರೆದುಕೊಡುತ್ತೇನೆ. ಕಾಗುಣಿತದ ತಪ್ಪಿಲ್ಲದೆ.

ಇಂತಿ,
ನೀವು 'ಈ ಸಹೋದರಿ' ಅಂದವಳು