ಅಪ್ಪ ಮನೆಗೆ ಬಂದರು, ಎಲ್ಲರಿಗೂ ನಮಸ್ಕಾರ

ಉಪ್ಪು ಸಾಲದೆಂದು ಅಮ್ಮನ ಮೇಲೆ ರೇಗುವಷ್ಟು ಅಪ್ಪ ಹೃದಯಾಘಾತದಿಂದ ಚೇತರಿಸಿಕೊಂಡಿದ್ದಾರೆ. ವಿಚಾರಿಸಿದವರಿಗೆಲ್ಲ ಫೋನ್ ಮಾಡಲಾಗಲಿಲ್ಲ, ಇಲ್ಲಿಂದಲೇ ಕೈ ಮುಗಿಯುತ್ತೇನೆ.

ಮೊದಲ ನಮಸ್ಕಾರ ನಮ್ಮ ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯ ವೈದ್ಯರಿಗೆ. ಎದೆನೋವನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕದೆ ಕೂಡಲೇ ಇಸಿಜಿ ಮಾಡಿಸಿದರು. ಅದನ್ನು ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆಯ ತಜ್ಞರಿಗೆ ಕಳುಹಿಸಿ, ಅವರು ಹೇಳಿದ ಕೂಡಲೇ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಟ್ಟರು. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ನಮ್ಮಿಂದ ಬಿಡಿಗಾಸೂ ಕೇಳಲಿಲ್ಲ.

ಆಮೇಲೆ ನೆಂಟರ ಒತ್ತಾಯಕ್ಕೆ ಖಾಸಗಿ ಆಸ್ಪತ್ರೆಯೊಂದಕ್ಕೆ ಹೋದೆವು. ಮುಂಗಡ ಕಟ್ಟಿದ ಮೇಲೆ ಎಲ್ಲವೂ ಚಕಚಕನೆ ನಡೆಯಿತು, ಅದನ್ನು ಒಪ್ಪಲೇಬೇಕು. ಹೃದಯದ ರಕ್ತನಾಳಗಳನ್ನು ತೋರಿಸುವ ಆಂಜಿಯೋಗ್ರಾಂ ಮುಗಿಯುತ್ತಿದ್ದಂತೆ ಮೂರು ಕಡೆ ಬ್ಲಾಕ್, ಮೂರು ಸ್ಟೆಂಟ್ (ರಕ್ತನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ), ಈಗಲೇ ಸಹಿ ಹಾಕಿ ಎಂದರು. ಹಾಗೆಂದವರು ವೈದ್ಯರಲ್ಲ, ಬಿಲ್ಲಿಂಗ್ ವಿಭಾಗದವರು. ಸ್ಟೆಂಟಿನ ಬೆಲೆಗೆ ಕೇಂದ್ರ ಸರ್ಕಾರ 2017ರಲ್ಲಿಯೇ ಮಿತಿ ಹಾಕಿದೆ. ಅಂದಾಜು ಪಟ್ಟಿಯಲ್ಲಿ ಭಾರವಾಗಿದ್ದುದು ಸ್ಟೆಂಟಲ್ಲ, ಅದರ ಕೆಳಗಿನ ಇತರ ಖರ್ಚಿನ ಸಾಲುಗಳು. ಮೂರೂ ಬೇಕಿದ್ದಿರಬಹುದು, ನಾನೇನು ವೈದ್ಯನಲ್ಲ. ಆದರೆ ರೋಗದ ಮಾತೂ ದುಡ್ಡಿನ ಮಾತೂ ಒಂದೇ ಬಾಯಿಂದ ಬಂದರೆ ಯಾರಿಗೆ ತಾನೇ ಸಂಶಯ ಬಾರದು? ಅಲ್ಲಿನ ಯುವ ವೈದ್ಯೆಯೊಬ್ಬರು ಮುಖ ಗಂಟಿಕ್ಕದೆ ಆಂಜಿಯೋಗ್ರಾಂನ ಸಿಡಿಯನ್ನೂ ಕೇಸ್ ಶೀಟಿನ ಸಾರಾಂಶವನ್ನೂ ಕೈಗಿತ್ತು, ‘ಬೇರೆಯವರಿಗೂ ತೋರಿಸಿ, ತಡ ಮಾತ್ರ ಮಾಡಬೇಡಿ’ ಎಂದರು. ಆ ತಾಯಿಗೂ ನಮಸ್ಕಾರ.

ಮೈಸೂರಿನ ಜಯದೇವದ ವೈದ್ಯರು ಪರದೆಯನ್ನು ಅಪ್ಪನ ಕಡೆಗೇ ತಿರುಗಿಸಿದರು. ಪೆನ್ನಿನ ತುದಿಯಿಂದ ರಕ್ತನಾಳವನ್ನು ತೋರಿಸುತ್ತಾ, ‘ಇಲ್ಲಿ ನೋಡಿ ಯಜಮಾನರೇ, ಇದಕ್ಕೆ ಸ್ಟೆಂಟ್ ಬೇಕು. ಉಳಿದೆರಡು ಅಷ್ಟು ಬಿಗಿದಿಲ್ಲ, ಸದ್ಯಕ್ಕೆ ಮಾತ್ರೆ ಸಾಕು’ ಎಂದರು. ಅಪ್ಪ ಕೇಳಿದ್ದು ಒಂದೇ: ‘ಗದ್ದೆಗೆ ನೀರು ಕಟ್ಟಬಹುದೇ?’ ಅದಕ್ಕೂ ನಗದೆ ಉತ್ತರ ಕೊಟ್ಟರು. ನಮ್ಮ ನಂಬಿಕೆ ಕುದುರಿದ್ದು ಅಲ್ಲಿ. ನಾವು ಹೂಂ ಎಂದರೂ ಉಹೂಂ ಎಂದರೂ ಅವರಿಗೆ ಬರುವುದು ಅದೇ ಸಂಬಳ ಎಂಬುದು ನಮಗೆ ಗೊತ್ತಿತ್ತಲ್ಲ! ಬಿಪಿಎಲ್ ಕಾರ್ಡು ಇದ್ದುದರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲೇ ವೆಚ್ಚ ಕಳೆಯಿತು. ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಅವಕಾಶವಿದೆ.

ಸರ್ಕಾರಿ ಆಸ್ಪತ್ರೆಗಳನ್ನು ಹೊಗಳಿ ಹೊನ್ನಶೂಲಕ್ಕೇರಿಸುತ್ತಿಲ್ಲ. ಚೀಟಿಗೊಂದು ಸಾಲು, ಸಹಿಗೊಂದು ಸಾಲು, ಜೆರಾಕ್ಸಿಗೆ ಹೊರಗೆ ಓಟ. ಜೊತೆಗೆ ಓದುಬರಹ ಬಲ್ಲವರೊಬ್ಬರು ಇಲ್ಲದಿದ್ದರೆ ಹಳ್ಳಿಯವರ ಪಾಡು ದೇವರಿಗೇ ಪ್ರೀತಿ. ನಮಗೆ ಆ ಓಡಾಟ ಮಾಡಿಕೊಟ್ಟವನು ಚಿಕ್ಕಪ್ಪನ ಮಗ. ಅವನಿಗೆ ಥ್ಯಾಂಕ್ಸ್ ಹೇಳಿದರೆ ಬೈಯುತ್ತಾನೆ, ಆದರೂ ಹೇಳುತ್ತೇನೆ.

ರಾತ್ರೋರಾತ್ರಿ ದುಡ್ಡು ಹೊಂದಿಸಿಕೊಟ್ಟ ಗೆಳೆಯರೇ, ಬಹುಪಾಲು ಹಾಗೆಯೇ ಉಳಿದಿದೆ, ಈ ವಾರ ನಿಮ್ಮ ಖಾತೆಗೆ ಹಾಕುತ್ತೇನೆ. ಅಪ್ಪನನ್ನು ನೋಡಲು ಬನ್ನಿ. ಬೀಡಿ ಮಾತ್ರ ತರಬೇಡಿ, ಅವರು ಕೇಳಿಯೇ ಕೇಳುತ್ತಾರೆ.