ಕೂಸಿಗೆ ‘ಅವರು’ ಅನ್ನಬೇಡ

ಪ್ರೀತಿಯ ತಮ್ಮಾ,

ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ವಿರುದ್ಧ ಹೋರಾಡಿದ ಸ್ಟೀವ್ ಬಿಕೊ ಬಗ್ಗೆ ನೀನು ಬರೆದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಾಲಿನಲ್ಲೇ ತಡವರಿಸಿದೆ. ‘ಬಿಕೊ ಅವರು 1946ರ ಡಿಸೆಂಬರ್ 18ರಂದು ಜನಿಸಿದರು. ಬಾಲ್ಯದಲ್ಲೇ ಅವರು ಅನ್ಯಾಯ ಸಹಿಸುತ್ತಿರಲಿಲ್ಲ’ ಅಂತ ಶುರು ಮಾಡಿದ್ದೀಯ. ಆಗ ತಾನೇ ಹುಟ್ಟಿದ ಕೂಸಿಗೆ ‘ಅವರು’ ಅಂದರೆ ಅದು ತೊಟ್ಟಿಲಲ್ಲಿ ಮಲಗೋದು ಹೇಗೆ? ಹುಟ್ಟುತ್ತಲೇ ಪ್ರತಿಮೆಯಾಗಿ ನಿಂತುಬಿಡುತ್ತದೆ, ಅಲ್ವಾ?

‘ಅವನು’ ಅಂತ ಬರೆದು ನೋಡು. ಆಗ ಕಿಂಗ್ ವಿಲಿಯಮ್ಸ್ ಟೌನ್ ಪಕ್ಕದ ಗಿನ್ಸ್‌ಬರ್ಗ್ ಅನ್ನೋ ಕರಿಯರ ಕೇರಿ, ಅವನು ಬೆಳೆದ ಜಾಗ, ಕಾಣುತ್ತದೆ. ಸುಮಾರು 800 ಕುಟುಂಬ. ನಾಲ್ಕು ಮನೆಗೆ ಒಂದೇ ನಲ್ಲಿ, ಒಂದೇ ಕಕ್ಕಸು. 1950ರಲ್ಲಿ ಅಪ್ಪ ತೀರಿಕೊಂಡರು. ಅಮ್ಮ ಬಿಳಿಯರ ಮನೆಗೆಲಸ ಮಾಡಿದಳು, ಆಸ್ಪತ್ರೆಯಲ್ಲಿ ಅಡುಗೆ ಮಾಡಿದಳು. ಶಾಲೆಯಲ್ಲಿ ಹುಡುಗನ ಅಡ್ಡಹೆಸರು ‘ಗೂಫಿ’. ಗೂಫಿಯವರು ಅಂತ ಬರೀತೀಯಾ?

ಅವನ ಅಪ್ಪ ಮೊದಲು ಪೊಲೀಸ್ ಆಗಿದ್ದರು. ಅದನ್ನು ಬಿಟ್ಟೇಬಿಟ್ಟಿದ್ದೀಯ. ಮುಜುಗರ ಆಯ್ತೇನೋ. ನಾನೂ ನಿನ್ನ ವಯಸ್ಸಿನಲ್ಲಿ ಹೀಗೆ ಎಷ್ಟೋ ಜನರ ಅಪ್ಪಂದಿರನ್ನು ನುಂಗಿಹಾಕಿದ್ದೇನೆ. ಈ ಪೊಲೀಸಪ್ಪ ಇರಲಿ.

ಊರವರೇ ಹಣ ಹೊಂದಿಸಿ ಅವನನ್ನು ಲವ್‌ಡೇಲ್ ಶಾಲೆಗೆ ಕಳಿಸಿದರು. ಮೂರೇ ತಿಂಗಳು. ಅಲ್ಲೇ ಓದುತ್ತಿದ್ದ ಅಣ್ಣ ಖಾಯಾನಿಗೆ ನಿಷೇಧಿತ ಗುಂಪಿನ ನಂಟಿದೆ ಅಂತ ಪೊಲೀಸರು ಬಂದರು, ತಮ್ಮನನ್ನೂ ಹಿಡಿದರು. ತಮ್ಮನ ಮೇಲೆ ಏನೂ ಸಿಗಲಿಲ್ಲ. ಆದರೂ ಶಾಲೆಯಿಂದ ಹೊರಹಾಕಿದರು. ನೀನು ಇಲ್ಲಿ ‘ಹೋರಾಟದ ಕಿಚ್ಚು ಹೊತ್ತಿತು’ ಅಂದಿದ್ದೀಯ. ಕಿಚ್ಚು ಆಮೇಲೆ ಹೊತ್ತಲಿ. ದುಡ್ಡು ಕೊಟ್ಟವರ ಮುಂದೆ ಬರಿಗೈಲಿ ವಾಪಸ್ ಬರಬೇಕಾದ ಹುಡುಗನನ್ನು ಸ್ವಲ್ಪ ನೆನೆಸಿಕೋ.

1967ಕ್ಕೆ ಅವನು ನಟಾಲ್ ವಿಶ್ವವಿದ್ಯಾಲಯದಲ್ಲಿ ಮೆಡಿಕಲ್ ವಿದ್ಯಾರ್ಥಿ. ಗ್ರಹಾಂಸ್ಟೌನ್‌ನಲ್ಲಿ ವಿದ್ಯಾರ್ಥಿ ಒಕ್ಕೂಟದ ಸಮ್ಮೇಳನ. ವರ್ಣಭೇದ ಬೇಡ ಅನ್ನುವ ಒಕ್ಕೂಟವೇ, ಆದರೆ ಬಿಳಿಯರೇ ಜಾಸ್ತಿ. ಅವರಿಗೆ ಹಾಸ್ಟೆಲ್, ಕರಿಯರಿಗೆ ದೂರದ ಕೇರಿಯಲ್ಲಿ ಒಂದು ಚರ್ಚು. ಸಮ್ಮೇಳನವನ್ನೇ ನಿಲ್ಲಿಸೋಣ ಅಂತ ಬಿಕೊ ಗೊತ್ತುವಳಿ ತಂದ. ವಾದ ನಡೆಯಿತು. ಗೊತ್ತುವಳಿ ಬಿದ್ದುಹೋಯಿತು. ವಯಸ್ಸು 20. ನಿನ್ನ ಲೇಖನದಲ್ಲಿ ಇದಕ್ಕೆ ಅರ್ಧ ಸಾಲು! ನಾನಾಗಿದ್ದರೆ ಎರಡು ಪುಟ ಬರೆಯುತ್ತಿದ್ದೆ.

ಎರಡು ವರ್ಷದ ಮೇಲೆ ಟರ್ಫ್‌ಲೂಪ್‌ನಲ್ಲಿ ಕರಿಯ ವಿದ್ಯಾರ್ಥಿಗಳದ್ದೇ ಸಂಘ ‘ಸಾಸೊ’ (ಸೌತ್ ಆಫ್ರಿಕನ್ ಸ್ಟೂಡೆಂಟ್ಸ್ ಆರ್ಗನೈಸೇಷನ್) ಶುರುವಾಯಿತು. ಬಿಕೊ ಅವರೇ ಮೊದಲ ಅಧ್ಯಕ್ಷರು. ಮೊದಮೊದಲು ಸಂಘದವರೂ ‘ನಾನ್-ವೈಟ್’ ಅಂತಲೇ ಬರೆಯುತ್ತಿದ್ದರು. ಆಮೇಲೆ ಅದನ್ನು ಬಿಸಾಕಿ ‘ಬ್ಲ್ಯಾಕ್’ ಅಂದರು. ಆಫ್ರಿಕನ್ನರು, ಭಾರತೀಯರು, ‘ಕಲರ್ಡ್’ ಅಂತ ಕರೆಯುತ್ತಿದ್ದ ಮಿಶ್ರ ಮೂಲದ ಜನ ಎಲ್ಲರೂ ಅದರೊಳಗೆ. ನೀನು ನಾಲ್ಕು ಕಡೆ ‘ಬಿಳಿಯರಲ್ಲದವರು’ ಅಂತ ಬರೆದಿದ್ದೀಯ. ತಾನು ಏನಲ್ಲವೋ ಅದೇ ಹೆಸರಾದರೆ ಯಾರಿಗೆ ಇಷ್ಟವಾಗುತ್ತೆ? ನಾಲ್ಕೂ ಹೊಡೆದುಹಾಕು.

ಅವರು ‘ಫ್ರ್ಯಾಂಕ್ ಟಾಕ್’ ಅನ್ನೋ ಹೆಸರಲ್ಲಿ ಬರೆದದ್ದು, 1973ರಲ್ಲಿ ಸರ್ಕಾರ ಹೇರಿದ ನಿರ್ಬಂಧದಲ್ಲಿ ಒಂದು ಸಲಕ್ಕೆ ಒಬ್ಬರ ಜೊತೆ ಮಾತ್ರ ಮಾತಾಡಬಹುದಾಗಿದ್ದು, ಇವೆಲ್ಲ ಚೆನ್ನಾಗಿ ಬಂದಿವೆ. ಕೈ ಹಾಕಬೇಡ. 1977ರ ಸಾವನ್ನು ಪೀಠಿಕೆಯಿಂದ ತೆಗೆದು ಅದರ ಜಾಗಕ್ಕೆ ಕಳಿಸು.

ಹಾಗಾದರೆ ‘ಅವನು’ ಎಲ್ಲಿ ‘ಅವರು’ ಆಗಬೇಕು ಅಂತ ಕೇಳ್ತೀಯ. ನಾನು ಗೊತ್ತುವಳಿ ಬಿದ್ದ ಮೇಲಿಂದ ಮಾಡಿದೆ, ಮೇಲೆ ನೋಡು. ನಿನಗೆ ಬೇರೆ ಜಾಗ ಸರಿ ಅನ್ನಿಸಿದರೆ ಅಲ್ಲಿಂದ ಮಾಡು. ಯಾಕೆ ಅಂತ ಒಂದು ಸಾಲು ಬರೆದು ಕಳಿಸು.

ನಿನ್ನ ಅಣ್ಣ