ಉಸಿರಾಟದ ಪಾಠ ಮತ್ತು ಬಸ್ಸಿನ ದುಡ್ಡು

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಎರಡು ಸಲ ಓದಿದೆ. ಆಫೀಸಿನವರು ಎಲ್ಲರನ್ನೂ ಕೂರಿಸಿ ಅರ್ಧ ದಿನ ಉಸಿರಾಟ ಹೇಳಿಕೊಟ್ಟರು, ಮಾರನೇ ದಿನವೇ ಕೆಲಸ ಬಿಟ್ಟುಹೋದ ಇಬ್ಬರ ಪಾಲನ್ನೂ ನಿನ್ನ ತಲೆಗೆ ಕಟ್ಟಿದರು ಎಂದು ಬರೆದಿದ್ದೀಯ. ಅಲ್ಲಿ ನನಗೆ ನಗು ಬಂತು, ಬೇಜಾರಾಗಬೇಡ. ಆದರೆ ಕೊನೆಯ ಸಾಲು ಓದಿ ಸುಮ್ಮನಾದೆ. ನಿದ್ದೆ ಬರದಿರುವುದಕ್ಕೆ ನಿನ್ನ ಮನೋಬಲ ಸಾಲದ್ದೇ ಕಾರಣ ಅಂತೀಯಲ್ಲ?

ನಾನೂ ಒಂದು ಕಾಲದಲ್ಲಿ ಹಾಗೇ ನಂಬಿದ್ದೆ. ಆ ಕೆಟ್ಟ ವರ್ಷ ಮನೋವೈದ್ಯರನ್ನು ನೋಡಲು ಏಳು ವಾರ ಕಾದೆ. ಸಿಕ್ಕಿದ್ದು ಹತ್ತು ನಿಮಿಷ. ಪಾಪ, ಅವರದೇನೂ ತಪ್ಪಿಲ್ಲ, ಬಾಗಿಲಾಚೆಗೂ ಜನ ನಿಂತಿದ್ದರು. ಕಾಲು ಮುರಿದವನನ್ನು ಏಳು ವಾರ ಕಾಯಿಸಿದ್ದರೆ ಗಲಾಟೆಯೇ ಆಗುತ್ತಿತ್ತು. ನಾನು ಮಾತ್ರ ನಾಚಿಕೆಗೆ ಬಾಯಿ ಮುಚ್ಚಿಕೊಂಡು ಕಾದೆ.

ಆಮೇಲೆ ಲೆಕ್ಕ ಹುಡುಕಿದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಪ್ರಕಾರ, 2019ರಲ್ಲಿ ಜಗತ್ತಿನ 8 ಜನರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಸುಮಾರು 97 ಕೋಟಿ ಜನ. ಸರ್ಕಾರಗಳು ಆರೋಗ್ಯಕ್ಕೆ ಇಡುವ ಹಣದಲ್ಲಿ ಇದಕ್ಕೆ ಸಿಗುವುದು ಶೇ. 2ರ ಆಸುಪಾಸು. ಅದರಲ್ಲೂ ಮೂರರಲ್ಲಿ ಎರಡು ಪಾಲು ದೊಡ್ಡ ಮಾನಸಿಕ ಆಸ್ಪತ್ರೆಗಳಿಗೇ ಹೋಗುತ್ತದೆ. ಮನೆ ಹತ್ತಿರದ ಸಣ್ಣ ಆಸ್ಪತ್ರೆಗೆ ಇನ್ನೇನು ಉಳಿದೀತು? ನನ್ನ ಏಳು ವಾರ ಎಲ್ಲಿ ಹೋಯಿತು ಅನ್ನೋದು ಆಗ ಗೊತ್ತಾಯಿತು.

ಜಿಂಬಾಬ್ವೆಯ ಮನೋವೈದ್ಯ ಡಿಕ್ಸನ್ ಚಿಬಾಂಡ ಒಂದು ಸಂಗತಿ ಹೇಳುತ್ತಾರೆ. ಅವರ ರೋಗಿಯೊಬ್ಬಳು, ಇನ್ನೂ ಚಿಕ್ಕ ವಯಸ್ಸು, ಆಸ್ಪತ್ರೆಗೆ ಬರಬೇಕಿತ್ತು. ಬಸ್ಸಿಗೆ ದುಡ್ಡಿಲ್ಲದೆ ಬರಲಿಲ್ಲ. ಜೀವ ಕಳೆದುಕೊಂಡಳು. ಔಷಧಿ ಇತ್ತು, ಡಾಕ್ಟರಿದ್ದರು, ಬಸ್ಸಿನ ದುಡ್ಡಿರಲಿಲ್ಲ. ಇದು ನನ್ನ ತಲೆಯಿಂದ ಹೋಗುವುದೇ ಇಲ್ಲ. ಇಡೀ ದೇಶಕ್ಕೆ ಮನೋವೈದ್ಯರು ಬೆರಳೆಣಿಕೆಯಷ್ಟು. ಹಾಗಾಗಿ 2006ರಲ್ಲಿ ಅವರು ರಾಜಧಾನಿ ಹರಾರೆಯಲ್ಲಿ 14 ಅಜ್ಜಿಯರಿಗೆ ತರಬೇತಿ ಕೊಟ್ಟು, ಕ್ಲಿನಿಕ್ಕಿನ ಅಂಗಳದ ಬೆಂಚಿನಲ್ಲಿ ಕೂರಿಸಿದರು. ಮೊದಲು ಅದಕ್ಕೆ ಮಾನಸಿಕ ಆರೋಗ್ಯದ ಬೆಂಚು ಎಂದೇ ಹೆಸರಿಟ್ಟಿದ್ದರು. ಯಾರೂ ಕೂರಲಿಲ್ಲ! ಸ್ನೇಹದ ಬೆಂಚು ಅನ್ನೋಣ ಎಂದು ಅಜ್ಜಿಯರೇ ಹೇಳಿದರಂತೆ. ಅಲ್ಲಿ ಖಿನ್ನತೆ ಎಂಬ ಪದ ಬಳಸುವುದಿಲ್ಲ. ಶೋನಾ ಭಾಷೆಯಲ್ಲಿ ಜನ 'ಕುಫುಂಗಿಸಿಸ' ಅಂತಾರೆ, ಅಂದರೆ ವಿಪರೀತ ಯೋಚನೆ ಮಾಡುವುದು. ಬಂದವರ ತಾಪತ್ರಯ ಪೂರ್ತಿ ಕೇಳಿ, ಮೊದಲು ಯಾವುದನ್ನು ಬಗೆಹರಿಸೋಣ ಎಂದು ಅಜ್ಜಿ ಕೇಳುತ್ತಾಳೆ. ಅದು ಸಾಲ ಇರಬಹುದು, ಗಂಡನ ಹೊಡೆತ ಇರಬಹುದು. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೆಂಚಿನಲ್ಲಿ ಕೂತವರು ಆರು ತಿಂಗಳ ನಂತರ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಎಷ್ಟೋ ಚೇತರಿಸಿಕೊಂಡಿದ್ದರು.

ಈ ಕಥೆ ಕೇಳಿದವರು ತಕ್ಷಣ "ನೋಡಿ, ಪ್ರೀತಿ ಇದ್ದರೆ ಸಾಕು" ಅಂತಾರೆ. ನನಗೆ ಸಿಟ್ಟು ಬರುವುದೇ ಅಲ್ಲಿ. ಆ ಅಜ್ಜಿಯರ ಬೆನ್ನಿಗೆ ಕ್ಲಿನಿಕ್ ಇತ್ತು, ತರಬೇತಿ ಇತ್ತು, ಪರಿಸ್ಥಿತಿ ಕೈಮೀರಿದವರನ್ನು ಕಳಿಸಲು ಮೇಲೊಬ್ಬರು ಇದ್ದರು. ಇವೇನೂ ಇಲ್ಲದೆ "ಒಬ್ಬರಿಗೊಬ್ಬರು ಆಗಿ" ಎಂದು ಸರ್ಕಾರ ಕೈ ತೊಳೆದುಕೊಂಡರೆ, ಆ ಭಾರ ಮನೆಯ ಯಾವುದೋ ಹೆಂಗಸಿನ ಹೆಗಲಿಗೆ ಬೀಳುತ್ತದೆ ಅಷ್ಟೇ. ಅವಳ ನಿದ್ದೆಯನ್ನು ಯಾರು ವಿಚಾರಿಸುತ್ತಾರೆ?

ಇನ್ನೊಂದು ವಿಷಯ. ಶ್ರೀಲಂಕಾದಲ್ಲಿ 1995ರ ಹೊತ್ತಿಗೆ ಆತ್ಮಹತ್ಯೆ ಪ್ರಮಾಣ ವಿಪರೀತ ಇತ್ತು. ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದರು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಆ ಪ್ರಮಾಣ ಸುಮಾರು ಶೇ. 70ರಷ್ಟು ಇಳಿಯಿತು. ಯಾರ ಮನೋಬಲವನ್ನೂ ಹೆಚ್ಚಿಸಲಿಲ್ಲ, ಕೃಷಿ ಇಲಾಖೆಯ ಆದೇಶ ಬಂತು, ಅಷ್ಟೇ. ಕಷ್ಟದ ಗಳಿಗೆ ದಾಟಲು ಸ್ವಲ್ಪ ಸಮಯ ಸಿಕ್ಕರೆ ಎಷ್ಟೋ ಜನ ಉಳಿದುಕೊಳ್ಳುತ್ತಾರೆ. ಇಂಡೋನೇಷ್ಯಾದಲ್ಲೂ ಬಡ ಕುಟುಂಬಗಳ ಕೈಗೆ ನಗದು ಕೊಡುವ ಯೋಜನೆ ಬಂದ ಕಡೆ ಆತ್ಮಹತ್ಯೆ ಕಡಿಮೆಯಾಯಿತು. ಇವೆರಡೂ ಆರೋಗ್ಯ ಇಲಾಖೆಯ ಕಡತದಲ್ಲಿ ಹುಟ್ಟಿದ ಯೋಜನೆಗಳಲ್ಲ ನೋಡು. ಬಾಡಿಗೆ, ಸಾಲ, ಕೆಲಸದ ವೇಳೆ, ಇವನ್ನೆಲ್ಲ ತೀರ್ಮಾನಿಸುವ ಮೇಜಿನ ಮೇಲೂ ಮನಸ್ಸಿನ ಮಾತು ಬರಬೇಕು. ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ ಅಂತ ಒಂದು ಜಾಥಾ ಮಾಡಿ ಫೋಟೊ ಹಾಕಿದರೆ ಮುಗಿಯಿತಾ?

ಸಾಕು, ಭಾಷಣ ಜಾಸ್ತಿ ಆಯಿತು. ನೀನು ಮೊದಲು ಡಾಕ್ಟರ ಹತ್ತಿರ ಹೋಗು. ಮಾತ್ರೆ ಕೊಟ್ಟರೆ ತಗೋ, ನಾನೂ ತಗೊಂಡಿದ್ದೆ. ಜೊತೆಗೆ ಆ ಇಬ್ಬರ ಜಾಗ ತುಂಬಿ ಎಂದು ಆಫೀಸಿಗೆ ಬರೆದು ಕೊಡು, ಅದೂ ಚಿಕಿತ್ಸೆಯೇ. ಆದರೆ ಒಬ್ಬನೇ ಬರೆಯಬೇಡ, "ಇವನಿಗೆ ತಡ್ಕೊಳ್ಳೋಕೆ ಆಗ್ತಿಲ್ಲ" ಅಂದುಬಿಡುತ್ತಾರೆ. ನಾಲ್ಕು ಜನ ಸಹಿ ಹಾಕಿ. ಉಸಿರಾಟದ ಪಾಠದಲ್ಲಿ ಪಕ್ಕದಲ್ಲಿ ಕೂತವರಿಗೂ ನಿದ್ದೆ ಬರುತ್ತಿಲ್ಲ ಅಂತ ನನ್ನ ಗುಮಾನಿ. ಕೇಳಿ ನೋಡು.

ಭಾನುವಾರ ಬರುತ್ತೇನೆ. ಮಾತಾಡಲೇಬೇಕು ಅಂತೇನಿಲ್ಲ. ಆ ವರ್ಷ ನೀನು ನನ್ನ ರೂಮಿಗೆ ಬಂದು, ಏನೂ ಕೇಳದೆ, ಪೇಪರಿನ ಪದಬಂಧ ತುಂಬುತ್ತಾ ಕೂರುತ್ತಿದ್ದೆಯಲ್ಲ? ಅದರಲ್ಲೊಂದನ್ನು ಎತ್ತಿಟ್ಟಿದ್ದೇನೆ. ಮೇಲಿನಿಂದ ಕೆಳಕ್ಕೆ ನಾಲ್ಕಕ್ಷರದ ಪದವೊಂದು ಇನ್ನೂ ಖಾಲಿ ಇದೆ. ತರುತ್ತೇನೆ.

ಇಂತಿ,
ನಿನ್ನವ